ಕೊರಳಿಗೆ ಕಟ್ಟಿದ ಮೇಲಿನ ಸ್ವರ

ನಿರೂಪಣೆಯಲ್ಲಿ ಲೋಪಗಳು ಕಂಡುಬಂದರೆ ಓದುಗರು ದಯಮಾಡಿ ಮನ್ನಿಸಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ಹೀಗೆ ಬರೆಯಬೇಕೆಂದು ತೋರಿಸಿಕೊಡುವ ಹಿರಿಯರು ನನಗಿರಲಿಲ್ಲ. ಭೌತಶಾಸ್ತ್ರ ಓದಿದ ನಾನು ವಿಚಿತ್ರ ಅನುಭವಗಳನ್ನು ಹೇಳುವವರ ಮುಂದೆ ಮರ್ಯಾದೆಗಾಗಿ ತಲೆಯಾಡಿಸುತ್ತಿದ್ದೆನೇ ಹೊರತು ಒಂದನ್ನೂ ನಂಬುತ್ತಿರಲಿಲ್ಲ. ಆದ್ದರಿಂದ ಮುಂದಿನ ಸಂಗತಿಯನ್ನು ಬರೆಯಲು ನನಗೇ ಸಂಕೋಚವಾಗುತ್ತದೆ.

ಎಪ್ಪತ್ತರ ದಶಕದ ಮಾತು. ಜಹೀರಾಬಾದಿನ ಒಂದು ಸಣ್ಣ ನಿಸ್ತಂತು ಕೇಂದ್ರದಲ್ಲಿ ತಾಂತ್ರಿಕ ಸಹಾಯಕನಾಗಿ ಸೇರಿದ್ದೆ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಮೇಲಧಿಕಾರಿಗಳು ಪರೀಕ್ಷೆಗೆ ಬರುವವರಿದ್ದರು. ನಾನು ದುರಸ್ತಿ ಮಾಡಿದ ಯಂತ್ರ ನಿಗದಿತ ಆವರ್ತನದಲ್ಲಿ ನಿಂತರೆ ನೌಕರಿ ಉಳಿಯುತ್ತಿತ್ತು. ನಿಲ್ಲದಿದ್ದರೆ ಮನೂರಿನ ಬಳಿಯ ನಮ್ಮ ಹಳ್ಳಿಗೆ ಮರಳಬೇಕಿತ್ತು. ಅಲ್ಲಿ ಜನ ಆಗಲೇ ನನ್ನ ಅಪ್ಪನನ್ನು "ಸಾಹೇಬ್ರ ಅಪ್ಪ" ಎಂದು ಕರೆಯತೊಡಗಿದ್ದರು. ಆ ಹೆಸರನ್ನು ಅವರಿಂದ ಕಿತ್ತುಕೊಳ್ಳುವುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಯಂತ್ರದ ಹೃದಯ ಒಂದು ಕ್ರಿಸ್ಟಲ್. ಉಗುರಿನಷ್ಟು ಅಗಲದ ಆ ಹರಳು ಒಂದೇ ಲಯದಲ್ಲಿ ಕಂಪಿಸುತ್ತದೆ. ಆ ಕಂಪನವನ್ನು ಮುಂದಿನ ಹಂತ ಬಲಪಡಿಸಿ ಕಳುಹಿಸುತ್ತದೆ. ಹರಳು ಯಾರ ಮಾತಿಗೂ ಬದಲಾಗದು ಎಂದು ನಾನು ನಂಬಿದ್ದೆ. ಅದರ ಕಂಪನವನ್ನು ಮುಖ್ಯ ಕೇಂದ್ರದ ಸಂಕೇತದ ಜೊತೆ ಕೂಡಿಸಿ ಹೆಡ್‌ಫೋನಿನಲ್ಲಿ ಕೇಳಬೇಕು. ಎರಡೂ ಒಂದೇ ಆದರೆ ಮೌನ, ವ್ಯತ್ಯಾಸವಿದ್ದರೆ ಸಿಳ್ಳು. ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತ ಶಿಸ್ತಿನಂತೆ ನಾನು ಮುಂದಿನ ಹಂತದ ತಂತಿ ಬಿಚ್ಚಿ, ಹರಳನ್ನು ಒಂಟಿಯಾಗಿ ಇಟ್ಟು, ಮೌನ ಬರುವವರೆಗೆ ತಿದ್ದುತ್ತಿದ್ದೆ. ತಂತಿ ಜೋಡಿಸಿದ ಕೂಡಲೇ ಸಿಳ್ಳು. ಬಿಚ್ಚಿದರೆ ಮೌನ. ಹರಳನ್ನು ತೊಳೆದೆ, ಬೇರೆ ಹರಳು ಹಾಕಿದೆ. ಗುರುವಾರ ಮಧ್ಯಾಹ್ನದವರೆಗೂ ಇದೇ ಪಾಡು.

ಹಿರಿಯ ಆಪರೇಟರ್ ಖಾದರ್ ಸಾಹೇಬರು ಚಹಾದ ಬಸಿ ಹಿಡಿದು ನೋಡುತ್ತ ಕುಳಿತಿದ್ದರು. "ಏನ್ರಿ ಡಿಗ್ರಿ ಸಾಹೇಬ್ರ, ಇದಕ್ಕ ದೃಷ್ಟಿ ಗಿಷ್ಟಿ ತಗಲ್ಯಾದೇನು? ನಿಂಬಿಕಾಯಿ ಕಟ್ಟೂನೇನು?" ಎಂದರು. ನಾನು ಮತ್ತೆ ತಂತಿ ಬಿಚ್ಚಿದೆ.

ಹೊತ್ತು ಬಾಗುತ್ತಿತ್ತು. ತಂತಿ ಬಿಚ್ಚಿದ ಮೌನದಲ್ಲಿ, ಹೆಡ್‌ಫೋನಿನೊಳಗೆ, ನನಗೆ ಗಂಟೆಯ ಸ್ವರ ಕೇಳಿಸಿತು. ಅದು ನಮ್ಮ ಎತ್ತಿನ ಗಂಟೆ. ಅಂಚು ಚೂರು ಒಡೆದು ಕೊನೆಯಲ್ಲಿ ಗೊಗ್ಗರಾಗುವ ಆ ಸ್ವರವನ್ನು ನಾನು ನೂರು ಗಂಟೆಗಳ ನಡುವೆಯೂ ಗುರುತಿಸಬಲ್ಲೆ. ಮೊದಲು ನಾಲ್ಕು ಸಲ ತೆಳ್ಳಗೆ, ಉದ್ದಕ್ಕೆ ಕೇಳಿತು. ಸ್ವಲ್ಪ ಬಿಡುವು. ಮತ್ತೆ ನಾಲ್ಕು ಸಲ, ಸ್ವರ ಒಂದಿಷ್ಟು ಕೆಳಗಿಳಿದು, ಗಿಡ್ಡಾಗಿ ಕೇಳಿತು.

ಹೆಡ್‌ಫೋನನ್ನು ಖಾದರ್ ಸಾಹೇಬರ ಕಿವಿಗೆ ಹಚ್ಚಿದೆ. "ಏನೂ ಇಲ್ಲಲ್ರಿ. ಸುಮ್ಮಗದ," ಎಂದರು. ಮತ್ತೆ ನಾನು ಹಚ್ಚಿಕೊಂಡೆ. ಗಂಟೆ ಇನ್ನೂ ನುಡಿಯುತ್ತಿತ್ತು.

ಆಗ ನಾರಾಯಣಖೇಡದ ಸಂತೆ ನೆನಪಾಯಿತು. ಅಪ್ಪ ಗಂಟೆಯನ್ನು ಅಂಗಡಿಯಲ್ಲಿ ಬಾರಿಸಿ ಕೊಂಡವರಲ್ಲ. ಎತ್ತನ್ನೇ ಸಂತೆಗೆ ಹೊಡೆದುಕೊಂಡು ಹೋಗಿ, ಗಂಟೆಯನ್ನು ಕೊರಳಿಗೆ ಕಟ್ಟಿ, ಹತ್ತು ಹೆಜ್ಜೆ ನಡೆಸಿ ಕೇಳುತ್ತಿದ್ದರು. ಒಮ್ಮೆ ಗಂಟೆ ಮಾರುವವನು ಬೇಸತ್ತು, "ಏನ್ರಿ ಪಾಟೀಲ್ರ, ಗಂಟಿ ತಗೊಳ್ಳಾಕ ಬಂದೀರೋ, ಎತ್ತಿನ ಮದಿವಿ ಮಾಡಾಕ ಬಂದೀರೋ?" ಎಂದಿದ್ದ. ಅಪ್ಪ ನಗದೆ ಹೇಳಿದ್ದರು: "ನಿನ್ನ ಕೈಯಾಗ ಎಲ್ಲಾ ಗಂಟಿನೂ ಚಲೋನೇ ಕೂಗ್ತಾವ. ದುಡಿಯೂದು ಎತ್ತಿನ ಕೊರಳಾಗ. ಅಲ್ಲಿ ಕೂಗ್ಲಿ, ಕೇಳೂನು."

ಈಗ ಉದ್ದಕ್ಕೆ ಕೇಳಿದ್ದು ಕೈಯಲ್ಲಿ ಬಾರಿಸಿದ ಗಂಟೆ, ಗಿಡ್ಡಾಗಿ ಕೇಳಿದ್ದು ಕೊರಳಿಗೆ ಕಟ್ಟಿದ ಅದೇ ಗಂಟೆ. ನನ್ನ ಕೈ ತಾನಾಗಿಯೇ ತಂತಿಯ ಕಡೆಗೆ ಹೋಯಿತು. ನಾನು ಹರಳನ್ನು ಅಂಗಡಿಯಲ್ಲಿಟ್ಟು ಬಾರಿಸುತ್ತಿದ್ದೆ. ಮುಂದಿನ ಹಂತವೆಂಬುದು ಅದರ ಕೊರಳಿಗೆ ಬೀಳುವ ಹೊರೆ. ಆ ಹೊರೆ ಬಿದ್ದೊಡನೆ ಆವರ್ತನ ಒಂದಿಷ್ಟು ಸರಿಯುತ್ತದೆ. ಎರಡರ ನಡುವಿನ ಕಂಡೆನ್ಸರನ್ನು ಚಿಕ್ಕದು ಮಾಡಿ ಹೊರೆಯನ್ನು ಹಗುರಗೊಳಿಸಿದೆ. ನಂತರ ತಂತಿ ಜೋಡಿಸಿದಂತೆಯೇ ಇಟ್ಟು ತಿದ್ದಿದೆ. ಸಿಳ್ಳು ಇಳಿಯುತ್ತ ಬಂದು ನಿಂತಿತು. ಗಂಟೆಯೂ ನಿಂತಿತ್ತು. ಶುಕ್ರವಾರ ಅಧಿಕಾರಿಗಳು ಮೂರು ಸಲ ಪರೀಕ್ಷಿಸಿದರು, ಆವರ್ತನ ಕದಲಲಿಲ್ಲ.

ಭಾನುವಾರ ಊರಿಗೆ ಹೋದೆ. ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತ ತಾನಾಗಿಯೇ ಮಾತು ತೆಗೆದಳು: "ನಿಮ್ಮಪ್ಪಗ ಏನ್ ಹೇಳ್ಬೇಕೋ ತಮ್ಮಾ! ಬೆಸ್ತಾರ ದಿನ ಗಂಟಿ ಹಗ್ಗ ಹರೀತು. ಹೊಸಾ ಹಗ್ಗ ಹಾಕಿ, ಹೊತ್ತು ಮುಣಗೂ ತನಕ ಒಮ್ಮಿ ಕೈಯಾಗ ಬಾರಿಸ್ಯಾರ, ಒಮ್ಮಿ ಕೊರಳಾಗ ಬಾರಿಸ್ಯಾರ. ಹೊಲದಾಗಿನ ಕೆಲಸೆಲ್ಲ ಬಿಟ್ಟು!"

ಯಾಕೆಂದು ಅಪ್ಪನನ್ನು ಕೇಳಿದೆ. "ಗೊತ್ತಿಲ್ಲೋ. ಯಾರೋ ಕೇಳಾಕ ಹತ್ಯಾರ ಅನ್ನಿಸ್ತು," ಎಂದರು.

ಬೆಸ್ತಾರವೆಂದರೆ ಗುರುವಾರ. ನಮ್ಮ ಹೊಲದಿಂದ ಜಹೀರಾಬಾದಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಹೊರೆಯಿಂದ ಆವರ್ತನ ಏಕೆ ಸರಿಯುತ್ತದೆ ಎಂಬುದನ್ನು ನಾನು ಇಂದು ಸಮೀಕರಣ ಬರೆದು ವಿವರಿಸಬಲ್ಲೆ. ಆಯಾಸಗೊಂಡ ಕಿವಿ ಹಳೆಯ ನೆನಪನ್ನು ನುಡಿಸಿರಬಹುದು ಎಂದೂ ಹೇಳಿಕೊಂಡಿದ್ದೇನೆ. ಆದರೆ ಅಪ್ಪ ಅದೇ ದಿನ, ಅದೇ ಹೊತ್ತಿನಲ್ಲಿ ಬಾರಿಸಿದ್ದೇಕೆ ಎಂಬುದಕ್ಕೆ ನನ್ನಲ್ಲಿ ಸಮೀಕರಣವಿಲ್ಲ.

ನಮ್ಮ ಮನೆಯಲ್ಲಿ ಆಮೇಲೆ ಬದಲಾದದ್ದು ಇಷ್ಟು. ನನ್ನ ನೌಕರಿ ಖಾಯಂ ಆಯಿತು. ತಂಗಿಯನ್ನು ತಾಂಡೂರಿನ ಸೋದರಮಾವನ ಮನೆಯಲ್ಲಿ ಇರಿಸಿ ಓದಿಸಿದೆವು, ಅವಳು ಶಿಕ್ಷಕಿಯಾದಳು. ಅಪ್ಪ "ಸಾಹೇಬ್ರ ಅಪ್ಪ" ಆಗಿಯೇ ಉಳಿದರು. ನನ್ನ ಗುರುಗಳು ಯಾರೆಂದು ಕಚೇರಿಯಲ್ಲಿ ಯಾರಾದರೂ ಕೇಳಿದರೆ ನಾನು ಕಾಲೇಜಿನ ಹೆಸರಿಗಿಂತ ಮೊದಲು ಅಪ್ಪನ ಹೆಸರನ್ನು ಹೇಳತೊಡಗಿದೆ.