ಹುಟ್ಟದೇ ಇದ್ದ ಸಿಗಡಿ

ಹೇಸಿಗೆಯಾದಾಗ ನಮ್ಮ ಅಕ್ಕೋರ ಮೂಗಿನ ಹೊಳ್ಳೆಗಳು ಅರಳಿ ಮೂಗುಬೊಟ್ಟು ಸಣ್ಣಗೆ ನಡುಗುತ್ತಿತ್ತು. ವಿಶಾಖಪಟ್ಟಣದ ಮೀನು ಬಂದರಿನಲ್ಲಿ ಆ ನಡುಕ ನಿಂತದ್ದೇ ಇಲ್ಲ. ಮೀನು ಮುಟ್ಟದ ಮನೆತನದ ಧಾರವಾಡದ ಹೆಣ್ಣುಮಗಳು ಒಂದು ಕೈಯಲ್ಲಿ ಸೆರಗನ್ನು ಮೂಗಿಗೊತ್ತಿಕೊಂಡು, ಇನ್ನೊಂದು ಕೈಯಿಂದ ಸಿಗಡಿಯ ತಲೆ ಅಲ್ಲಾಡಿಸಿ ನೋಡುತ್ತಿದ್ದರು.

"ಬರಕೋವಾ. ತಲಿ ಸಡ್ಲ. ನಾತ ಅದ. ಚಿಪ್ಪು ಕರ್ರಗ," ಎನ್ನುತ್ತಿದ್ದರು, ಪಟ್ಟಿ ಹಿಡಿದು ಪಕ್ಕದಲ್ಲಿ ನಿಂತ ನನಗೆ.

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ತೆಲುಗರನ್ನು ಮದುವೆಯಾಗಿ ಬಂದಿದ್ದ ಅವರು ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೃತಕ ಬುದ್ಧಿಮತ್ತೆ ಕಲಿಸುತ್ತಿದ್ದರು. ಮಿಕ್ಕವರಿಗೆಲ್ಲ ಮೇಡಂ, ನನಗೊಬ್ಬಳಿಗೆ ಅಕ್ಕೋರು. ನೌಕಾಪಡೆಯಲ್ಲಿದ್ದ ನನ್ನಪ್ಪ ಗದಗಿನ ಕಡೆಯವರು. ಮನೆಯಾಚೆ ನಾನು ಕನ್ನಡ ಕೇಳಿದ್ದು ಇವರ ಬಾಯಲ್ಲೇ.

ಸಿಗಡಿ ರಫ್ತು ಮಾಡುವ ಒಂದು ಕಂಪನಿ, ಒಳ್ಳೆಯ ಮಾಲು ಯಾವುದು, ಕೆಟ್ಟದ್ದು ಯಾವುದು ಎಂದು ಹೇಳುವ ಪ್ರೋಗ್ರಾಮ್ ಬೇಕೆಂದು ಕಾಲೇಜಿಗೆ ಬಂದಿತ್ತು. ಅಕ್ಕೋರು ಅದಕ್ಕೆ ಫಾರ್ಮಲ್ ಕಾನ್ಸೆಪ್ಟ್ ಅನಾಲಿಸಿಸ್ ಎಂಬ ಹೊಸ ಗಣಿತವನ್ನು ಹಚ್ಚಿದರು. ಕೇಳಲು ದೊಡ್ಡ ಹೆಸರು, ಮಾಡಲು ಸರಳ. ಒಂದು ಕೋಷ್ಟಕ: ಒಂದೊಂದು ಸಿಗಡಿಗೂ ಒಂದು ಸಾಲು, ಒಂದೊಂದು ಗುಣಕ್ಕೂ ಒಂದು ಕಂಬಸಾಲು. ಗುಣವಿದ್ದಲ್ಲಿ ಕತ್ತರಿ ಗುರುತು. ಯಾವ ಗುಣಗಳು ಯಾವುದರ ಜೊತೆ ಬಿಡದೆ ಬರುತ್ತವೆ ಎಂದು ಯಂತ್ರ ತಾನೇ ಕಂಡುಕೊಂಡು ನಿಯಮ ಕಟ್ಟುತ್ತದೆ. ಆಮೇಲೆ ಬಲ್ಲವರನ್ನು ಕೇಳುತ್ತದೆ: ಇದು ಎಲ್ಲಾ ಕಾಲಕ್ಕೂ ನಿಜವೇ? ಅಲ್ಲವೆಂದರೆ, ಈ ನಿಯಮ ಮುರಿಯುವ ಒಂದನ್ನು ತೋರಿಸಿ.

"ಬರೇ ಅಲ್ಲ ಅಂದ್ರ ಆಗೂದಿಲ್ಲ, ತೋರಸಬೇಕು," ಎನ್ನುವಾಗ ಅಕ್ಕೋರಿಗೆ ಮಕ್ಕಳಂಥ ಖುಷಿ.

ಕಂಪನಿಯ ಮ್ಯಾನೇಜರು ಬಂದ ದಿನ ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಪ್ರಶ್ನೆ ಮೂಡಿತು: ತಲೆ ಸಡಿಲವಾಗಿ ನಾತ ಬರುವ ಸಿಗಡಿಯೆಲ್ಲವೂ ತಿನ್ನಲು ಬಾರದ್ದೇ?

"ಕಾದು, ಕಾದು ಮೇಡಂಗಾರೂ," ಎಂದು ಆತ ನಕ್ಕ. ಅಲ್ಲ ಅಲ್ಲ, ಅದು ಎರಡನೇ ದರ್ಜೆ. ಹಡಗಿಗೆ ಹೋಗುವುದಿಲ್ಲ, ಅಷ್ಟೆ. ಒಳನಾಡಿನ ಹಾಸ್ಟೆಲುಗಳಿಗೆ ಹೋಗುತ್ತದೆ. ಮಸಾಲೆ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ?

ಅಕ್ಕೋರು ಆತನ ಶೆಡ್ಡಿನಿಂದಲೇ ಮಾದರಿಗೆಂದು ತಂದಿದ್ದ ಎರಡನೇ ದರ್ಜೆಯ ಡಬ್ಬಿಯನ್ನು ಹೊರಗಿನಿಂದ ತರಿಸಿದರು. ಚಪ್ಪಲಿ ಬಿಟ್ಟು ಒಳಗೆ ಬರಬೇಕಾದ ಆ ತಣ್ಣನೆಯ ಕಂಪ್ಯೂಟರ್ ಕೋಣೆಯಲ್ಲಿ ಮುಚ್ಚಳ ತೆಗೆದರು. ನಾತ ಗೋಡೆಗೆ ಮೆತ್ತಿಕೊಂಡಂತಾಯಿತು. ಸ್ಟೀಲ್ ತಟ್ಟೆಯಲ್ಲಿ ಲೋಳೆಗಟ್ಟಿದ ಒಂದು ಸಿಗಡಿಯನ್ನಿಟ್ಟು ಆತನ ಮುಂದೆ ಸರಿಸಿದರು. ಸಿಟ್ಟು ಬಂದಾಗ ಅವರ ತೆಲುಗು ಹಾರಿಹೋಗುತ್ತಿತ್ತು.

"ಹಾಸ್ಟೆಲ್ ಹುಡುಗ್ರು ತಿಂತಾರಲ್ಲಾ, ನೀವೂ ತಿಂದು ತೋರಸ್ರಿ. ಬೇಕಾರ ಹುರಿಸಿ ಕೊಡಸ್ತೀನಿ. ನೀವು ತಿಂದ್ರ ಈ ನಿಯಮಾ ನಾನ ಅಳಸ್ತೀನಿ."

ಕನ್ನಡ ಬಾರದಿದ್ದರೂ ಆತನಿಗೆ ಅರ್ಥವಾಯಿತು. ಮುಖ ತಿರುಗಿಸಿ ಕರವಸ್ತ್ರ ಹುಡುಕಿದ. ಜೊತೆಗಿದ್ದ ನಮ್ಮ ವಿಭಾಗದ ಮುಖ್ಯಸ್ಥರು ತಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಕೈಗಿತ್ತು, "ಬಯಟ ಪಾರೇಯ್," ಹೊರಗೆ ಎಸೆ, ಎಂದರು. ನಾನು ಎಸೆದು ಕೈ ತೊಳೆದು ಬರುವಷ್ಟರಲ್ಲಿ ಮುಖ್ಯಸ್ಥರೂ ಮ್ಯಾನೇಜರೂ ಕಾಫಿ ಕುಡಿಯುತ್ತಿದ್ದರು. ಮುಖ್ಯಸ್ಥರ ಆ ಎರಡು ಬೆರಳುಗಳಲ್ಲೇ ಬಿಸ್ಕತ್ತು.

ಕೆಲವು ದಿನಗಳ ಬಳಿಕ ಆ ನಿಯಮ ಯಂತ್ರದಿಂದ ಮಾಯವಾಗಿತ್ತು. ಕೋಷ್ಟಕಕ್ಕೆ ಯಾರೋ ಒಂದು ಸಾಲು ಸೇರಿಸಿದ್ದರು: ತಲೆ ಸಡಿಲ, ನಾತ ಇದೆ, ತಿನ್ನಬಹುದು. ಒಂದೇ ಒಂದು ಅಂಥ ಸಿಗಡಿ ಸಾಕು, ನಿಯಮ ಬಿದ್ದುಹೋಗುತ್ತದೆ.

"ಒಂದು ಸಾಲು ತಾನೇ ಮೇಡಂ," ಎಂದರು ಮುಖ್ಯಸ್ಥರು.

"ಯಾವ ಸಮುದ್ರದಾಗ ಹುಟ್ಟೇದ ರೀ ಇದು?"

ಅಕ್ಕೋರು ಪ್ರೋಗ್ರಾಮಿನ ವರದಿಯಿಂದ ತಮ್ಮ ಹೆಸರು ತೆಗೆಸಿ, ರಾಜೀನಾಮೆ ಕೊಟ್ಟರು. ರೈಲು ನಿಲ್ದಾಣಕ್ಕೆ ಬಿಡಲು ಹೋದಾಗ ನನಗೆ ಹೇಳಿದ್ದು ಇಷ್ಟು: "ಹೊಲಸು ಕೈಗೆ ಹತ್ತಿದ್ರ ತೊಳೀಬಹುದು. ಮಾತಿಗೆ ಹತ್ತಿದ್ರ ಹ್ಯಾಂಗ ತೊಳೀತಿ?"

ವಿಜಯವಾಡದ ಪಟಮಟ ಬಡಾವಣೆಯಲ್ಲಿ ಗಂಡನ ಮನೆಯಿತ್ತು. ಅಲ್ಲಿ ಒಂದು ಕಾಲೇಜಿನಲ್ಲಿ ಬೀಜಗಣಿತ ಹೇಳಿಕೊಡುತ್ತಿದ್ದರು. ಒಮ್ಮೆ ನಾನು ಹೋದಾಗ ಮನೆಗೆ ಬೀಗ. ಅವರ ಕಾಲೇಜಿನ ಹಾಸ್ಟೆಲಿನ ಹುಡುಗಿಯರು ಸಿಗಡಿ ಸಾರು ಉಂಡು ಆಸ್ಪತ್ರೆ ಸೇರಿದ್ದಾರೆಂದು ಪಕ್ಕದ ಮನೆಯವರು ಹೇಳಿದರು. ನಾನು ಅಲ್ಲಿಗೇ ಹೋದೆ. ಮಂಚ ಸಾಲದೆ ಕೆಲವರು ನೆಲದ ಮೇಲಿದ್ದರು. ಅಕ್ಕೋರು ಒಬ್ಬಳ ಜಡೆ ಹಿಂದಕ್ಕೆ ಹಿಡಿದು, ಬಾಯಿಯ ಕೆಳಗೆ ಬೋಗುಣಿ ಒಡ್ಡಿ ಕೂತಿದ್ದರು. ವಾಂತಿ ಸೀರೆಯ ಮೇಲೂ ಹಾರಿತ್ತು. ಅಲ್ಲಿ ಅವರ ಮುಖದಲ್ಲಿ ಹೇಸಿಗೆ ಇರಲಿಲ್ಲ.

"ಆ ಕಂಪನೀದ್ದೇ ಮಾಲು, ಹೌದಲ್ರಿ ಅಕ್ಕೋರ?" ಎಂದೆ. ಹೌದು ಎನ್ನಲಿ ಎಂದು ನನಗೆ ಆಸೆ.

"ಗೊತ್ತಿಲ್ಲವಾ. ಡಬ್ಬಿ ಮ್ಯಾಲೆ ಹೆಸರಿಲ್ಲ. ಗೊತ್ತಿಲ್ಲದ್ದಕ್ಕ ಹೌದು ಅಂದ್ರ, ಆ ಸಾಲು ಸೇರಿಸಿದವರಿಗೂ ನನಗೂ ಏನ್ ಫರಕು?"

ಹುಡುಗಿಯರು ಗುಣವಾದರು. ಮಾಲು ಎಲ್ಲಿಯದೆಂದು ಅಕ್ಕೋರು ವರ್ಷವಿಡೀ ಕಚೇರಿಗಳಿಗೆ ಅಲೆದು ಕೇಳಿದರು, ಯಾರೂ ಹೇಳಲಿಲ್ಲ.

ಆ ದಶಕ ಮುಗಿಯುವ ಮೊದಲೇ, ತರಗತಿ ಮುಗಿಸಿ ಬಂದು ಕೂತ ಅಕ್ಕೋರು ಎದೆನೋವೆಂದವರು ಮತ್ತೆ ಏಳಲೇ ಇಲ್ಲ. ವಿಶಾಖಪಟ್ಟಣದ ಕಾಲೇಜಿನವರು ಸಂತಾಪ ಸಭೆ ಮಾಡಿದರು. ಮುಖ್ಯಸ್ಥರು ಪಟಕ್ಕೆ ಹಾರ ಹಾಕಿ, ಅವರೂ ತಾವೂ ಕೂಡಿ ಕಟ್ಟಿದ ಆ ಪ್ರೋಗ್ರಾಮನ್ನು ಹೊಗಳಿದರು. ಕಣ್ಣು ಕೂಡ ಒರೆಸಿಕೊಂಡರು. ನಾನು ಸೆರಗನ್ನು ಮೂಗಿಗೊತ್ತಿಕೊಂಡೆ. ಶಿಷ್ಯೆಯೆಂದು ಎರಡು ಮಾತಿಗೆ ಕರೆದಾಗ ತೆಲುಗಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ: "ಆ ಪ್ರೋಗ್ರಾಮಿನ ವರದಿಯಿಂದ ಅವರು ತಮ್ಮ ಹೆಸರು ತೆಗೆಸಿದ್ದರು ಸಾರ್. ಕೊಳೆತದ್ದನ್ನು ತಿನ್ನಬಹುದು ಎಂದು ನೀವು ಬರೆಸಿದ್ದಕ್ಕೆ." ಅವರು ಮುಗುಳ್ನಕ್ಕು, ಉಪಾಹಾರವಿದೆ ಎಂದು ಪ್ರಕಟಿಸಿದರು. ಜನ ಎದ್ದು ತಟ್ಟೆ ಹಿಡಿದರು.

ಅಕ್ಕೋರ ಯಜಮಾನರು ನನ್ನ ಹಿಂದೆಯೇ ಹೊರಗೆ ಬಂದರು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ.

"ಬಾಗಾ, ಚಲೋ ಹೇಳಿದಿ, ಅಮ್ಮಾ," ಎಂದರು. "ಆಕೆ ಇದ್ದರೆ ಇನ್ನೂ ಗಟ್ಟಿ ಹೇಳ್ತಿತ್ತು."

ಅಕ್ಕೋರು ಕಲಿಸಿದ ಗಣಿತದಲ್ಲಿ ಬಹುಪಾಲು ಈಗ ಮರೆತಿದೆ. ಸುಳ್ಳು ಸಾಲು ಕಂಡಾಗ ಬರುವ ಆ ಹೇಸಿಗೆ ಮಾತ್ರ ಉಳಿದಿದೆ. ಅದು ಇನ್ನೂ ಹೋಗಿಲ್ಲವಲ್ಲ, ಅದೇ ಅವರ ಋಣ.