ತೇಲುವುದೆಲ್ಲ ದೋಣಿಯೇ

ಲಂಗರು ತಳ ಮುಟ್ಟಿದ ಮೇಲೆ ಅವರು ಚಪ್ಪಲಿ ಕಳಚಿ, ಬಲಗಾಲಿನ ಹೆಬ್ಬೆರಳನ್ನು ಸರಪಳಿಯ ಮೇಲೆ ಇಟ್ಟು ನಿಲ್ಲುತ್ತಿದ್ದರಂತೆ. ಉಗುರು ಎಂದೋ ಬಿದ್ದುಹೋಗಿ ತುದಿ ಚಪ್ಪಟೆಯಾಗಿದ್ದ ಬೆರಳು ಅದು. ಅದನ್ನು ಹೇಳುವಾಗಲೇ ನಾಡಿ ಹಿಡಿದ ವೈದ್ಯರಂತೆ ಮುಖ ಗಂಭೀರವಾಗುತ್ತಿತ್ತು. ಲಂಗರು ಮರಳಿನಲ್ಲಿ ಕಚ್ಚಿಕೊಳ್ಳದೆ ಜಾರುತ್ತಿದ್ದರೆ ಸರಪಳಿ ಗುರುಗುಟ್ಟುತ್ತದಂತೆ. "ಮಿಷನ್ನಿಗೆ ಗೊತ್ತಾಪ್ದಕ್ಕೆ ಮುಂಚೆ ಕಾಲಿಗೆ ಗೊತ್ತಾತ್ತ್, ತಂಗಿ" ಎನ್ನುತ್ತಿದ್ದರು. ಗುರುಗುಟ್ಟು ನಿಂತ ಮೇಲೆಯೇ ಅವರು ಎಂಜಿನ್ ಆರಿಸುತ್ತಿದ್ದದ್ದು, ಅಲ್ಲಿಯವರೆಗೆ ಯಾರು ಮಾತನಾಡಿಸಿದರೂ ಉತ್ತರವಿಲ್ಲವಂತೆ.

ನಾವು ಅವರನ್ನು ಕರೆಯುತ್ತಿದ್ದದ್ದು ತಾಂಡೇಲರು ಎಂದು. ಕುಂದಾಪುರದ ಕಡೆ ಮೀನುದೋಣಿ ನಡೆಸುವವನಿಗೆ ಆ ಹೆಸರು. ದುಬೈನ ಅಲ್ ಮುರಕ್ಕಬಾತಿನ ನಮ್ಮ ಕಟ್ಟಡದಲ್ಲಿ ವಾಚ್‌ಮನ್ ಸೇರಿದಂತೆ ಎಲ್ಲರೂ ಅವರಿಗೆ ಕ್ಯಾಪ್ಟನ್ ಅನ್ನುತ್ತಿದ್ದರು. ಲಿಫ್ಟಿನಲ್ಲಿ ನಾನೂ ಒಮ್ಮೆ ಹಾಗೆ ಕರೆದಾಗ ಅವರು ಮುಖ ಕಿವುಚಿದರು. "ಕ್ಯಾಪ್ಟನ್ ಅಂದ್ರೆ ಟಾಸ್ ಹಾಕುವವ. ನಾನ್ ತಾಂಡೇಲ."

ಗುರುತಾದದ್ದು ಮಾತ್ರ ಒಂದು ಅವಾಂತರದಿಂದ. ಅವರು ನಮ್ಮ ಎದುರು ಫ್ಲ್ಯಾಟಿನಲ್ಲಿ ಊರಿನ ನಾಲ್ಕಾರು ಜನರ ಜೊತೆ ಇದ್ದರು. ಅವರ ಮನೆಯಲ್ಲಿ ಗ್ಯಾಸ್ ಮುಗಿದ ದಿನ ನಾನು ಒಂದು ಪಾತ್ರೆ ತುಂಬ ಬಿಸಿಬೇಳೆಬಾತ್ ಕೊಟ್ಟಿದ್ದೆ. ಪಾತ್ರೆಯನ್ನು ಬರಿದಾಗಿ ವಾಪಸು ಕೊಡಬಾರದಲ್ಲ, ವಾರದ ಕೊನೆಗೆ ಅದರಲ್ಲಿ ಫಳಫಳ ಹೊಳೆಯುವ ಅಂಜಲ್ ಮೀನಿನ ತುಂಡುಗಳನ್ನು ತುಂಬಿಕೊಂಡು ಬಾಗಿಲು ತಟ್ಟಿದರು. ನಾವು ಮೈಸೂರಿನವರು, ಮೊಟ್ಟೆಯನ್ನೂ ಹೊಸ್ತಿಲು ದಾಟಿಸದವರು. ನಾನು ಹಾಕಿದ ಕೂಗಿಗೆ ಮಹಡಿಯ ಬಾಗಿಲುಗಳೆಲ್ಲ ತೆರೆದವು. "ಆ ಪಾತ್ರೆ ನೀವೇ ಇಟ್ಕೊಂಬಿಡಿ" ಎಂದೆ. ಅವರು ಅದನ್ನು ಇಟ್ಟುಕೊಂಡದ್ದಷ್ಟೇ ಅಲ್ಲ, ಬಂದವರಿಗೆಲ್ಲ "ಮೈಸೂರಿನ ತಂಗಿ ಕೊಟ್ಟ ಉಡುಗೊರೆ" ಎಂದು ತೋರಿಸಿ ನನ್ನ ಮಾನ ಕಳೆಯುತ್ತಿದ್ದರು. ಆಮೇಲೆ ನಮ್ಮ ಮನೆಗೆ ಅವರಿಂದ ಬಂದದ್ದೆಲ್ಲ ಖರ್ಜೂರವೇ.

ವಯಸ್ಸಾದ ಒಬ್ಬ ಅರಬರ ಖಾಸಗಿ ಯಾಟ್ ನಡೆಸುವುದು ಅವರ ಕೆಲಸ. ಆ ಅರಬರನ್ನು ತಾಂಡೇಲರು ಅರ್ಬಾಬ್ ಎನ್ನುತ್ತಿದ್ದರು, ಯಜಮಾನರು ಎಂದು. ಚಳಿಗಾಲದ ವಾರಾಂತ್ಯಗಳಲ್ಲಿ ಅರ್ಬಾಬರಿಗೆ ಉತ್ತರದ ಊರುಗಳಿಗೆ ಹೋಗಬೇಕು. ಶಾರ್ಜಾ, ಅಜ್ಮಾನ್ ದಾಟಿ ಉಮ್ ಅಲ್ ಕುವೈನ್ ತಲುಪಿದರೆ ಅಲ್ಲಿ ಸಮುದ್ರ ನೆಲದೊಳಕ್ಕೆ ನುಗ್ಗಿ ದೊಡ್ಡ ಸರೋವರದ ಹಾಗೆ ಹರಡಿಕೊಂಡಿದೆ. ಅದಕ್ಕೆ ಖೋರ್ ಎನ್ನುತ್ತಾರೆ. ನಡುವೆ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ದ್ವೀಪಗಳು, ದಂಡೆಯಲ್ಲಿ ಹಳೆಯ ಸಣ್ಣ ಪಟ್ಟಣ. ದ್ವೀಪದ ಮರೆಯಲ್ಲಿ ಲಂಗರು ಹಾಕಿಸಿ ಅರ್ಬಾಬರು ಕಾಫಿ ಕುಡಿಯುತ್ತಾ ಸುಮ್ಮನೆ ಕೂರುತ್ತಿದ್ದರಂತೆ. ಕೆಲವೊಮ್ಮೆ ಇನ್ನೂ ಮೇಲಕ್ಕೆ ರಾಸ್ ಅಲ್ ಖೈಮಾ, ಮಕ್ಕಳು ಮೊಮ್ಮಕ್ಕಳು ಬಂದರೆ ಈಚೆ ಅಬುಧಾಬಿಯ ದ್ವೀಪಗಳು. ತಾಂಡೇಲರು ಹೇಳುವುದನ್ನು ಕೇಳಿಯೇ ನಾನು ಇವೆಲ್ಲವನ್ನೂ ನೋಡಿದ್ದೆ. ನನಗೆ ಗೊತ್ತಿದ್ದ ದೋಣಿಯೆಂದರೆ ಕಾರಂಜಿಕೆರೆಯಲ್ಲಿ ಪೆಡಲ್ ತುಳಿಯುವ ಬಾತುಕೋಳಿ ದೋಣಿ. ಅದರಲ್ಲೂ ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಸಿಗ್ನಲ್ ಸಿಕ್ಕ ಕಡೆಯೆಲ್ಲ ಅವರು ಊರಿನಲ್ಲಿದ್ದ ಹೆಂಡತಿಗೆ ವೀಡಿಯೋ ಕಾಲ್ ಮಾಡುತ್ತಿದ್ದರು. ನೀರು ತೋರಿಸಬಹುದಿತ್ತು, ಹಕ್ಕಿ ತೋರಿಸಬಹುದಿತ್ತು. ಯಾಟಿನ ಕಟಕಟೆ ಒಂದಿಷ್ಟು ಕಂಡರೂ ಆಕೆ ಫೋನನ್ನು ಮಗುಚಿ ಹಾಕುತ್ತಿದ್ದರು. "ನಿಮ್ ಮುಖ ತೋರ್ಸಿ. ದೋಣಿ ಬ್ಯಾಡ." ಇದನ್ನು ಕೇಳಿ ನನ್ನ ಮಗಳು "ಬಟ್ ವೈ, ಅಂಕಲ್?" ಎಂದು ನಕ್ಕಳು. ಅವರು ನಗಲಿಲ್ಲ. ಅಂದು ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಕಾಫಿ ಆರಿಹೋಗುವಷ್ಟು ಹೊತ್ತು, ಕಾರಣ ಹೇಳಿದರು.

ಅವರ ಕೇರಿಯಲ್ಲಿ ಹೆಂಗಸರು ದೋಣಿ ಹತ್ತುವುದಿಲ್ಲ. ಹತ್ತಿದರೆ ದೋಣಿಗೆ ಕೇಡು ಎಂದು ನಂಬಿಕೆ. ಹೆಂಡತಿ ಚಿಕ್ಕ ಹುಡುಗಿಯಾಗಿದ್ದಾಗ, ಮರಳ ಮೇಲೆ ಎಳೆದಿಟ್ಟಿದ್ದ ಅಪ್ಪನ ದೋಣಿಯ ನೆರಳು ಸಾಲದೆ ಒಳಗೇ ಹತ್ತಿ, ಬಲೆಯ ಮೇಲೆ ಮಲಗಿ ನಿದ್ದೆ ಹೋಗಿದ್ದಳಂತೆ. ಅದೇ ವಾರ ಕಡಲಿಗೆ ಹೋದ ದೋಣಿ ತಿರುಗಿ ಬರಲಿಲ್ಲ. ಅಪ್ಪನೂ ಬರಲಿಲ್ಲ.

"ಯಾರೂ ಬೈಲಿಲ್ಲ ಅವ್ಳಿಗೆ" ಎಂದರು ತಾಂಡೇಲರು. "ಅದೇ ತಪ್ಪಾದ್ದ್. ಬೈದಿದ್ರೆ ಒಂದಿನ ಅತ್ತ್ ಮುಗ್ಸ್ತಿದ್ಲ್. ಇದು ಹಾಂಗೇ ಒಳ್ಗೇ ಉಳ್ಕಂತ್."

ಒಮ್ಮೆ, ಒಂದೇ ಒಂದು ಸಲ, ಅವಳನ್ನು ತನ್ನ ಯಾಟಿನಲ್ಲಿ ಆ ಖೋರ್‌ಗೆ ಕರೆದುಕೊಂಡು ಹೋಗಿ ಸುರಕ್ಷಿತವಾಗಿ ದಡ ಮುಟ್ಟಿಸಬೇಕು. ಆಗ ಅವಳ ತಲೆಯಿಂದ ಆ ಭಾರ ಇಳಿಯುತ್ತದೆ. ಅವರ ಆಸೆ ಇಷ್ಟೇ. ಇದಕ್ಕಾಗಿ ವಿಸಿಟ್ ವೀಸಾ ಮಾಡಿಸಿ ಆಕೆಯನ್ನು ಕರೆಸಿದರು. ಅರ್ಬಾಬರಿಗೆ ಹೇಳಿದಾಗ ಅವರು "ಯಲ್ಲಾ, ಕರೆದುಕೊಂಡು ಹೋಗು, ಆ ದಿನ ನಾನು ಬರುವುದಿಲ್ಲ" ಎಂದರಂತೆ. ಹೆಣ್ಣು ಜೊತೆಗಿದ್ದರೆ ಧೈರ್ಯವೆಂದು ತಾಂಡೇಲರು ನನ್ನನ್ನೂ ಹೊರಡಿಸಿದರು. ಈಜು ಬಾರದ, ನೀರು ಕಂಡರೆ ಗಡಗಡ ನಡುಗುವ ನನ್ನಿಂದ ಧೈರ್ಯ! ಇಡ್ಲಿ ಕಟ್ಟಿಕೊಂಡು ಹೋದೆ.

ಅತ್ತಿಗೆ ಜೆಟ್ಟಿಯವರೆಗೆ ನಗುತ್ತಲೇ ಬಂದರು. ತಾಂಡೇಲರ ಹೆಂಡತಿಯನ್ನು ನಾನು ಅತ್ತಿಗೆ ಎಂದೇ ಕರೆಯುತ್ತಿದ್ದೆ. ಯಾಟಿನ ಬಿಳಿ ಮೈ ಕಂಡದ್ದೇ ಹಲಗೆಯ ಮೇಲೆ ಕುಳಿತುಬಿಟ್ಟರು. ತಾಂಡೇಲರು ಮುದ್ದು ಮಾಡಿದರು, ತಮಾಷೆ ಮಾಡಿದರು.

"ಇದ್ ದೋಣಿ ಅಲ್ಲ ಮಾರಾಯ್ತಿ, ಯಾಟ್. ಒಳ್ಗೆ ಮಂಚ ಇತ್ತ್, ಏಸಿ ಇತ್ತ್, ಕಕ್ಕಸೂ ಇತ್ತ್. ದೋಣೀಲಿ ಎಲ್ಲಾದ್ರೂ ಕಕ್ಕಸ್ ಇಪ್ಪುದ್ ಕಂಡಿದ್ಯಾ?"

"ತೇಲತ್ತಲ್ದಾ?" ಎಂದರು ಅತ್ತಿಗೆ. "ತೇಲುದೆಲ್ಲಾ ದೋಣಿಯೇ."

ಬಿಸಿಲೇರಿತು. ಇಡ್ಲಿಯನ್ನು ಅಲ್ಲೇ ಹಲಗೆಯ ಮೇಲೆ ತಿಂದೆವು. ಪಕ್ಕದ ಯಾಟುಗಳು ಒಂದೊಂದಾಗಿ ಹೊರಟು ಹೋದವು, ಅವುಗಳ ಮೂತಿಯ ಮೇಲೆ ಹೆಂಗಸರು ಟೋಪಿ ಹಾಕಿಕೊಂಡು ಕುಳಿತಿದ್ದರು. ತಾಂಡೇಲರು ಹೆಂಡತಿಯ ಪಕ್ಕ ಕುಳಿತು ಬಹಳ ಹೊತ್ತು ಅವನ್ನೇ ನೋಡಿದರು. ಕೊನೆಗೆ ಆಕೆಯ ಕಡೆ ತಿರುಗದೆ ಹೇಳಿದರು.

"ಯಾರ್ಯಾರ ಹೆಂಡ್ತಿ ಮಕ್ಳನ್ನೋ ಇಷ್ಟ್ ವರ್ಷ ಕೂರ್ಸ್ಕಂಡ್ ತಿರ್ಗಿದೆ. ನಾನ್ ಹುಟ್ಟಿ ಮಾಡಿದ್ ಕೆಲ್ಸ ಇದೊಂದೇ. ನೀನ್ ಅದನ್ನ ಒಂದಿನವೂ ಕಾಣ್ಲಿಲ್ಲ. ಆಯ್ತ್, ಖಲಾಸ್. ಮನೆಗ್ ಹೋಪ."

ಎದ್ದು ನಿಂತು ಇಡ್ಲಿಯ ಡಬ್ಬಿ ಎತ್ತಿಕೊಂಡರು. ಅತ್ತಿಗೆಯೂ ಎದ್ದರು. ಮನೆಗೆಂದು ನಾನು ಅಂದುಕೊಂಡೆ. ಆಕೆ ಬಾಟಲಿಯ ನೀರಿನಿಂದ ಎರಡೂ ಪಾದ ತೊಳೆದುಕೊಂಡು, ಯಾಟಿನ ಅಂಚನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಗಂಡನ ಕೈಯನ್ನೂ ಹಿಡಿಯದೆ ಹತ್ತಿಬಿಟ್ಟರು. ತಾಂಡೇಲರು ಕೈಯಲ್ಲಿ ಡಬ್ಬಿ ಹಿಡಿದು ಬಾಯಿ ತೆರೆದುಕೊಂಡು ನಿಂತಿದ್ದರು. ಒಳಗಿನಿಂದ ಆಕೆಯೇ ಕೂಗಿದರು: "ಬತ್ರೋ ಇಲ್ಯೋ?"

ಹೋಗುವಾಗ ಅತ್ತಿಗೆ ಕಣ್ಣು ಮುಚ್ಚಿಕೊಂಡಿದ್ದರು, ನಾನೂ ಮುಚ್ಚಿಕೊಂಡಿದ್ದೆ. ಒಬ್ಬರ ಕೈ ಒಬ್ಬರು ಬಿಡಲಿಲ್ಲ. ಖೋರಿನೊಳಗೆ ಹೊಕ್ಕ ಮೇಲೆ ಅಲೆ ನಿಂತು ನೀರು ತಟ್ಟೆಯಂತಾಯಿತು. ಕಣ್ಣು ಬಿಟ್ಟರೆ ಎದುರಿಗೆ ಹಸಿರು ದ್ವೀಪ, ತೆಳು ನೀರಿನಲ್ಲಿ ಒಂಟಿಕಾಲಿನಲ್ಲಿ ನಿಂತ ರಾಜಹಂಸಗಳು. ತಾಂಡೇಲರು ಲಂಗರು ಬಿಟ್ಟರು. ಚಪ್ಪಲಿ ಕಳಚಿದರು. ಆಮೇಲೆ ಏನನ್ನಿಸಿತೋ, ಹಿಂದಕ್ಕೆ ಸರಿದು, "ಹೆಣೆ, ನೀ ಕಾಲಿಡ್ ಕಾಂಬ" ಎಂದರು. ಅತ್ತಿಗೆ ಸೀರೆಯ ನೆರಿಗೆ ಎತ್ತಿ ಹಿಡಿದು ಸರಪಳಿಯ ಮೇಲೆ ಹೆಬ್ಬೆರಳಿಟ್ಟರು. ಉಸಿರು ಬಿಗಿಹಿಡಿದು ಕೇಳಿಸಿಕೊಂಡರು.

"ಹಿಡ್ದಿತ್ತ್" ಎಂದರು.

ತಾಂಡೇಲರು ಎಂಜಿನ್ ಆರಿಸಿದರು. ಆಮೇಲೆ ಬಕೆಟ್ಟಿನ ನೀರಿನಿಂದ ಮತ್ತೆ ಮತ್ತೆ ಮುಖ ತೊಳೆದುಕೊಂಡರು. ಅಂಥ ಸಂತೋಷವನ್ನು ನಾನು ಗಂಡಸರ ಮುಖದಲ್ಲಿ ಹೆಚ್ಚು ಕಂಡಿಲ್ಲ. ಆ ಮಧ್ಯಾಹ್ನ ಅತ್ತಿಗೆ ಅರ್ಬಾಬರ ಕನ್ನಡಿಯಂಥ ಅಡುಗೆಕೋಣೆಯಲ್ಲಿ ಮೀನು ಹುರಿದರು. ನನಗೆ ಮೊಸರನ್ನ. ಮೀನಿನ ವಾಸನೆ ಹೋಗಲೆಂದು ತಾಂಡೇಲರು ವಾರವಿಡೀ ನಿಂಬೆಹಣ್ಣು ತಿಕ್ಕಿದರಂತೆ, ಹೋಗಲಿಲ್ಲವಂತೆ. ಸಂಜೆ ಬೆಳಕಿರುವಾಗಲೇ ದಡ ಮುಟ್ಟಿದೆವು. ಏನೂ ಆಗಲಿಲ್ಲ. ಇಳಿಯುವಾಗ ಅವರು ಹೆಂಡತಿಗೆ "ಕಂಡ್ಯಾ?" ಎಂದರು, ಅಷ್ಟೇ. ಆಕೆ ತಲೆಯಾಡಿಸಿದರು.

ಅತ್ತಿಗೆ ಊರಿಗೆ ಹೋದರು. ಬೇಸಿಗೆ ಬಂತು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟ ತಾಂಡೇಲರು ನಮ್ಮ ಮಹಡಿಯ ಲಿಫ್ಟಿನ ಮುಂದೆ ಎದೆ ಹಿಡಿದು ಕುಸಿದರು. ಆಂಬುಲೆನ್ಸ್ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನನ್ನ ಆಫೀಸಿಗೆ ಹೊರಡಲು ಬಾಗಿಲು ತೆಗೆದವಳು ಮೊದಲು ಕಂಡದ್ದು ನೆಲದ ಮೇಲಿದ್ದ ಅವರನ್ನು. ಊರಿಗೆ ಫೋನ್ ಮಾಡುವ ಕೆಲಸ ನನ್ನ ಪಾಲಿಗೇ ಬಂತು. ಅತ್ತಿಗೆ ಅಳಲಿಲ್ಲ. ದೋಣಿಯ ಹೆಸರೆತ್ತದೆ ಒಂದೇ ಮಾತು ಕೇಳಿದರು.

"ಅದ್ರಲ್ಲಿ ಇದ್ರಾ?"

"ಇಲ್ಲ ಅತ್ತಿಗೆ, ಮನೇಲೇ. ಲಿಫ್ಟ್ ಹತ್ರ."

ಆಕೆ ಫೋನ್ ಇಟ್ಟರು. ದೇಹ ಮಂಗಳೂರಿಗೆ ಹೋಯಿತು. ಅರ್ಬಾಬರು ಕೋಲೂರಿಕೊಂಡು ವಿಮಾನ ನಿಲ್ದಾಣದ ಸರಕಿನ ವಿಭಾಗದವರೆಗೂ ಬಂದಿದ್ದರು. ಎದುರು ಫ್ಲ್ಯಾಟಿನಲ್ಲಿ ತಾಂಡೇಲರ ಮಂಚಕ್ಕೆ ಬೇರೆ ಯಾರೋ ಬಂದರು. ಇಂದಿಗೂ ಲಿಫ್ಟ್ ಬಾಗಿಲು ತೆರೆದರೆ ನಾನು ಅವರಿಗಾಗಿ ಒಂದು ಕ್ಷಣ ಪಕ್ಕಕ್ಕೆ ಸರಿಯುತ್ತೇನೆ. ನನ್ನ ಕಣ್ಣು ತೆರೆಸಿ ನೀರು ತೋರಿಸಿದವರು ಅವರು. ಆ ಋಣ ನನ್ನ ಮೇಲೆ ಹಾಗೆಯೇ ಇದೆ.

ರಜೆಗೆ ಹೋದಾಗ ಅತ್ತಿಗೆಯನ್ನು ನೋಡಲು ಹೋದೆ. ಜಗಲಿಯಲ್ಲಿ ಕುಳಿತಿದ್ದರು. ನಾನು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಹೋಗಿದ್ದೆ. ರಕ್ತನಾಳ ಮುಚ್ಚಿತ್ತು, ಸಿಗರೇಟು ಬಿಟ್ಟಿರಲಿಲ್ಲ, ಬಿಸಿಲು, ವಯಸ್ಸು. ಎಲ್ಲವನ್ನೂ ಹೇಳಿದೆ. ಆಕೆ ಪೂರ್ತಿ ಕೇಳಿದರು.

"ನೀವ್ ಸಮಾಧಾನ ಹೇಳುದ್ ಬ್ಯಾಡ" ಎಂದರು. "ನನ್ ಕಾಲಿಂದ್ಲೇ ಹೋದ್ರ್. ಅಪ್ಪಯ್ಯನೂ ಹಾಂಗೇ ಹೋದ. ನಂಗ್ ಗೊತ್ತಿತ್ತ್."

"ಹಾಗೆಲ್ಲ ಅನ್ಬೇಡಿ ಅತ್ತಿಗೆ."

"ಅದಲ್ಲ ನನ್ ಸಂಕ್ಟ." ಆಕೆ ತಮ್ಮ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು. "ಮದ್ವೆ ಆದ್ ಮೇಲೆ ಅವ್ರ್ ಮುಖ ಹಾಂಗ್ ಅರಳಿದ್ ನಾ ಕಂಡದ್ ಅದೊಂದೇ ದಿನ. ಇವತ್ತ್ ಬಂದ್ ಕರ್ದ್ರೆ, ಹಿಂಗೇ ಆತ್ತ್ ಅಂದೇಳಿ ಗೊತ್ತಿದ್ರೂ, ನಾ ಮತ್ತೆ ಹತ್ತತೆ. ಎಂಥ ಹೆಂಗ್ಸ್ ನಾನ್, ಹೇಳಿ."

ನಾನು ಆಕೆಯ ಪಕ್ಕ ಕುಳಿತು ಅತ್ತೆ. ತಾಂಡೇಲರು ಹೋದ ಮೇಲೆ ನಾನು ಅತ್ತದ್ದು ಅದೇ ಮೊದಲು.