ಎಲ್ಲರ ಪಕ್ಕದಲ್ಲೂ ನಮ್ಮತ್ತೆ

ಲಾಕ್‌ಡೌನ್ ಮುಗಿಯಿತು, ದೇಶ ಚೇತರಿಸಿಕೊಳ್ಳುತ್ತಿದೆ ಎಂದು ಟಿವಿಯವರು ದಿನಾ ಹೇಳುತ್ತಿದ್ದರು. ಸದಾಶಿವ ಪೇಠದ ನಮ್ಮ ಓಣಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಕೋಚಿಂಗ್ ಕ್ಲಾಸುಗಳಿಗೆ ಬೀಗ, ಹುಡುಗರೆಲ್ಲ ಅವರವರ ಊರಲ್ಲಿ. ಅವರಿಲ್ಲದೆ ನಮ್ಮ ಖಾನಾವಳಿಗೆ ಬರುವವರು ಯಾರು? ವಿಜಯಪುರದ ಕಡೆಯಿಂದ ಈ ಮರಾಠಿ ಊರಿಗೆ ಸೊಸೆಯಾಗಿ ಬಂದ ನಮ್ಮತ್ತೆ ತಾವೇ ನಿಂತು ಕಟ್ಟಿದ ಖಾನಾವಳಿ ಅದು. ಒಲೆ ಹತ್ತದ ಮನೆಯಲ್ಲಿ ಅವರು ಸೂತಕದವರ ಹಾಗೆ ಕೂತಿರುತ್ತಿದ್ದರು. ರೊಟ್ಟಿ ಬಡಿಯುತ್ತಿದ್ದ ಭೋರ್ ಊರಿನ ಕಡೆಯ ಹೆಂಗಸು, ಕೆಲಸವಿಲ್ಲವೆಂದು ಗೊತ್ತಿದ್ದೂ ಆಗಾಗ ಬಂದು ಕೇಳಿ ಹೋಗುತ್ತಿದ್ದಳು.

ಆಗ ಸರ್ಕಾರದ ಅಗ್ಗದ ಊಟದ ಕೇಂದ್ರ ನಮಗೆ ಸಿಕ್ಕಿತು. ಉಣ್ಣುವವರು ಚಿಲ್ಲರೆ ಕಾಸು ಕೊಟ್ಟರೆ ಸಾಕು, ಮಿಕ್ಕಿದ್ದನ್ನು ಸರ್ಕಾರ ತುಂಬುತ್ತಿತ್ತು. ಶಿವಾಜಿನಗರದ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದವಳು ನಾನು. "ನನ್ನ ಕೈರುಚಿ ಸರ್ಕಾರಕ್ಕೂ ಗೊತ್ತಾಗೇದ" ಎಂದು ಬೀಗಿದವರು ಅತ್ತೆ. ಇರಲಿ, ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಮತ್ತೆ ರೊಟ್ಟಿ ಬಡಿಯುವ ಸದ್ದು ಕೇಳಿದಾಗ ನನಗೆ ಅಳು ಬಂತು. ಹೀಗೆ ಹಂಚಿ ಹಂಚಿ ಜನರನ್ನು ಸೋಮಾರಿ ಮಾಡುತ್ತಾರೆ ಎಂದು ಎದುರು ಫ್ಲ್ಯಾಟಿನವರು ಗೊಣಗಿದಾಗ ಮಾತ್ರ, ಕೈಯಲ್ಲಿದ್ದ ಸೌಟಿನಿಂದಲೇ ಉತ್ತರ ಕೊಡೋಣ ಅನ್ನಿಸುತ್ತಿತ್ತು.

ಒಂದು ನಿಯಮವಿತ್ತು. ಉಣ್ಣುವವರು ತಟ್ಟೆಯ ಮುಂದೆ ಕೂತಿರುವಾಗ, ಮುಖ ಕಾಣುವಂತೆ ಆಫೀಸಿನವರು ಕೊಟ್ಟ ಫೋನಿನಲ್ಲಿ ಫೋಟೋ ತೆಗೆದು ಕಳಿಸಬೇಕು. ಮೊದಲ ದಿನವೇ ನಮ್ಮ ಹಳೇ ಗಿರಾಕಿ, ಮೂಲೆಯ ಕ್ಲಾಸಿನಲ್ಲಿ ಗಣಿತ ಕಲಿಸುತ್ತಿದ್ದ ಮಾಸ್ತರರು ಸಾಲಿನಲ್ಲಿ ನಿಂತಿದ್ದರು. ಅವರೂ ನಮ್ಮ ಕಡೆಯವರೇ. ಕ್ಲಾಸು ಮುಚ್ಚಿ ಕೆಲಸ ಹೋಗಿತ್ತು. ಮಾಸ್ಕಿನ ಮರೆಯಲ್ಲಿ ಅಲ್ಲಿಯವರೆಗೆ ಹೇಗೋ ಬಂದವರು, ನನ್ನ ಕೈಯಲ್ಲಿ ಫೋನು ನೋಡಿದ್ದೇ ಹಿಂದೆ ಸರಿದರು.

"ಹಸಿವಿಲ್ರಿ ವೈನಿ. ಸುಮ್ನ ಮಾತಾಡ್ಸಾಕ ಬಂದಿದ್ದೆ."

ಅತ್ತೆ ಒಳಗಿನಿಂದ ಎರಡು ತಟ್ಟೆ ತಂದರು. "ಕೂಡ್ರಿ ಮಾಸ್ತರ. ನಾನೂ ಉಂಡಿಲ್ಲ. ಒಬ್ಬಾಕಿಗೆ ಗಂಟಲದಾಗ ಇಳಿಯಂಗಿಲ್ಲ." ಅವರ ಪಕ್ಕದಲ್ಲಿ ಕೂತು ರೊಟ್ಟಿ ಮುರಿದು ನನ್ನತ್ತ ತಿರುಗಿದರು. "ಈಗ ತೆಗಿ. ನಮ್ಮನಿಗೆ ಬಂದ ಬೀಗರು ಉಣ್ಣಾಕತ್ತಾರಂತ ಕಾಣ್ಲಿ." ಮಾಸ್ತರರು ಮಾಸ್ಕ್ ಇಳಿಸಿದರು.

ಅಂದಿನಿಂದ ಅದೇ ಪದ್ಧತಿಯಾಯಿತು. ಒಬ್ಬರ ಜೊತೆ ಕೂತು ಇನ್ನೊಬ್ಬರನ್ನು ಬಿಟ್ಟರೆ ಪಂಕ್ತಿಭೇದವಾಗುತ್ತದೆಂದು ಅತ್ತೆ ಎಲ್ಲರ ಪಕ್ಕದಲ್ಲೂ ಕೂತರು. ಹಮಾಲರು, ರಿಕ್ಷಾದವರು, ಮನೆಗೆಲಸ ಕಳಕೊಂಡ ಹೆಂಗಸರು. ಒಂದೇ ರೊಟ್ಟಿಯನ್ನು ಚೂರು ಚೂರು ಮುರಿಯುತ್ತ ಮಧ್ಯಾಹ್ನವಿಡೀ ಕಳೆಯುತ್ತಿದ್ದರು. ನಾನು ನಗುತ್ತಿದ್ದೆ.

ಆಫೀಸಿನವರು ನಗಲಿಲ್ಲ. ಎಲ್ಲ ಫೋಟೋದಲ್ಲೂ ಅದೇ ಮುಖ, ಇಡೀ ಕೇಂದ್ರದ ಊಟವನ್ನು ಒಬ್ಬಳೇ ಮುದುಕಿ ಉಣ್ಣುತ್ತಿದ್ದಾಳೆ, ಇದು ಮೋಸ, ಕೇಂದ್ರ ರದ್ದಾಗಬಹುದು ಎಂದು ಹೇಳಿ ಕಳಿಸಿದರು. ಮತ್ತೆ ಒಲೆ ಆರಿದರೆ ಭೋರಿನವಳು ಎಲ್ಲಿಗೆ ಹೋಗಬೇಕು? ಮಾಸ್ತರರು ಎಲ್ಲಿ ಉಣ್ಣಬೇಕು? ಅಧಿಕಾರಿಯೊಬ್ಬರು ಊಟದ ಹೊತ್ತಿಗೇ ಬಂದರು. ಬಂದವರನ್ನು ಒಬ್ಬರನ್ನೇ ಉಣ್ಣಲು ಬಿಡುವುದು ನಮ್ಮಲ್ಲಿಲ್ಲ ಎಂದು ಅತ್ತೆ ಅರ್ಧ ಕನ್ನಡ ಬೆರೆತ ಮರಾಠಿಯಲ್ಲಿ ವಿವರಿಸಿದರು. ಅಧಿಕಾರಿ ಹಣೆ ತಿಕ್ಕಿಕೊಂಡು, "ಕಂಪ್ಯೂಟರಿಗೆ ಅದೆಲ್ಲ ತಿಳಿಯುವುದಿಲ್ಲ ಆಜೀ. ಫೋಟೋದಲ್ಲಿ ನೀವು ಇರಬಾರದು" ಎಂದು ಮರಾಠಿಯಲ್ಲೇ ಹೇಳಿದರು. ಸಾಲಿನಲ್ಲಿ ಹಿಂದೆ ನಿಂತವರು ಆಗಲೇ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಆಗ ಮಾಸ್ತರರು ಮುಂದೆ ಬಂದು, ತಾವಾಗಿಯೇ ಮಾಸ್ಕ್ ತೆಗೆದು ತಟ್ಟೆಯ ಮುಂದೆ ಕೂತರು. "ನನ್ನೊಬ್ಬಂದೇ ತೆಗೀರಿ ವೈನಿ. ಅಮ್ಮಾರು ಬಾಜೂಕ ಕೂತ್ರ ಸಾಕು, ಫೋಟೋದ ಹೊರಗ."

ಅಧಿಕಾರಿ ಒಪ್ಪಿದರು. ಕೇಂದ್ರ ಉಳಿಯಿತು. ಅತ್ತೆ ಇದ್ದ ಹಳೆಯ ಫೋಟೋಗಳನ್ನೆಲ್ಲ ಮಾತ್ರ ಆಫೀಸಿನವರು ಫೋನಿನಿಂದಲೂ ಅಳಿಸಿಹಾಕಿದರು. ಗಂಡಾಂತರ ಕಳೆಯಿತೆಂದು ನನಗೂ ಸಮಾಧಾನವೇ ಆಯಿತು.

ಮುಂದೆ ಕ್ಲಾಸುಗಳು ತೆರೆದವು, ಮಾಸ್ತರರಿಗೆ ಕೆಲಸ ಸಿಕ್ಕಿತು. ಎಲ್ಲ ಸರಿಹೋಯಿತೆಂದು ಸರ್ಕಾರ ಕೈ ಬಿಗಿ ಮಾಡಿತು, ಕೇಂದ್ರ ಮುಚ್ಚಿತು. ಈಗ ಖಾನಾವಳಿ ಹುಡುಗರಿಂದ ಗಿಜಿಗುಡುತ್ತದೆ. ಆದರೂ ನನಗೆ ನೆನಪಾಗುವುದು ಆ ಕೆಟ್ಟ ಕಾಲದ ಮಧ್ಯಾಹ್ನಗಳೇ.

ಹೋದ ವರ್ಷ ಅತ್ತೆ ತೀರಿಕೊಂಡರು. ಗೋಡೆಗೆ ಹಾಕಲು ಫೋಟೋ ಹುಡುಕಿದೆವು. ಬಡಿಸುತ್ತಿರುವುದು, ಒಲೆಯ ಮುಂದೆ ನಿಂತಿರುವುದು ಬೇಕಾದಷ್ಟು ಸಿಕ್ಕವು. ಮನೆಯಲ್ಲಿ ಅವರು ಯಾವತ್ತೂ ಎಲ್ಲರದೂ ಆದಮೇಲೆ, ಅಡುಗೆಮನೆಯಲ್ಲಿ ಒಬ್ಬರೇ ಉಂಡವರು. ನಾಲ್ಕು ಜನರ ಜೊತೆ ಕೂತು ನಗುತ್ತ ಉಣ್ಣುವ ನಮ್ಮತ್ತೆಯ ಫೋಟೋಗಳನ್ನು ನಾನು ದಿನಾ ನನ್ನ ಕೈಯಾರೆ ತೆಗೆದಿದ್ದೆ. ಒಂದೂ ಉಳಿದಿಲ್ಲ.